ಹಾರಿದ ಮಾತ್ರಕ್ಕೆ ವಿಮಾನ ಸಿದ್ಧವಲ್ಲ

‘ವಿಮಾನ ಹಾರಿ ಆಯ್ತಲ್ಲ, ಇನ್ನೇನು ಪರೀಕ್ಷೆ? ತಯಾರಿಸಿ ಕೊಡಲಿ, ಸಣ್ಣಪುಟ್ಟದ್ದು ಆಮೇಲೆ ಸರಿಮಾಡಿಕೊಂಡ್ರಾಯ್ತು.’ ತೇಜಸ್ ಯುದ್ಧವಿಮಾನ ತಡವಾಯಿತೆಂಬ ಸುದ್ದಿ ಬಂದಾಗಲೆಲ್ಲ ಹುಣಸೂರು, ಕೆ.ಆರ್. ನಗರದ ಟೀ ಅಂಗಡಿಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ತಡದ ಬಗ್ಗೆ ಸಿಟ್ಟು ನ್ಯಾಯವೇ. ಪರೀಕ್ಷೆ ಎಂದರೆ ಬರೀ ಕಾಗದಪತ್ರ ಎಂಬ ನಂಬಿಕೆ ಮಾತ್ರ ಶುದ್ಧ ತಪ್ಪು.

ಬೆಂಗಳೂರಿನ ಎಚ್‌ಎಎಲ್‌ ರೂಪಿಸಿದ ಎಚ್‌ಜೆಟಿ-36 ತರಬೇತಿ ಜೆಟ್ ನೋಡಿ. ಅದು ಮೊದಲು ಹಾರಿದ್ದು 2003ರ ಮಾರ್ಚ್‌ನಲ್ಲಿ, ಫ್ರೆಂಚ್ ಎಂಜಿನ್ ಹೊತ್ತು. 2006ರಲ್ಲಿ 12 ವಿಮಾನಗಳಿಗೆ ಬೇಡಿಕೆ ಬಂತು. ಅವುಗಳಿಗೆಂದು ಆರಿಸಿದ್ದ ರಷ್ಯಾದ ಎಂಜಿನ್ ಈ ವಿಮಾನದಲ್ಲಿ ಹಾರಿದ್ದೇ 2009ರಲ್ಲಿ! ಪರೀಕ್ಷೆ ಮುಗಿಯುವ ಮೊದಲೇ ಇನ್ನೂ 73ರ ಬೇಡಿಕೆಯೂ ಸೇರಿತು.

ನಿಜವಾದ ತೊಡಕು ಸಿಕ್ಕಿದ್ದು ಸ್ಟಾಲ್ ಮತ್ತು ಸ್ಪಿನ್‌ನಲ್ಲಿ. ಮೂತಿ ಎತ್ತಿ ವೇಗ ಕಳೆದುಕೊಂಡ ವಿಮಾನದ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು ಸ್ಟಾಲ್. ಆಗ ಒಂದು ರೆಕ್ಕೆ ಮೊದಲು ಕುಸಿದರೆ ವಿಮಾನ ಗಿರಗಿರ ಸುತ್ತುತ್ತಾ ಇಳಿಯುತ್ತದೆ, ಅದು ಸ್ಪಿನ್. ಕಲಿಯುವ ಹುಡುಗ ಈ ತಪ್ಪು ಮಾಡಿಯೇ ಮಾಡುತ್ತಾನೆ. ಹಾಗಾಗಿ ಸ್ಪಿನ್‌ಗೆ ಸಿಕ್ಕ ವಿಮಾನ ಅವನ ಕೈಗೆ ಮರಳಿ ಸಿಗಲೇಬೇಕು. ಎಚ್‌ಜೆಟಿ-36 ಹಾಗೆ ಸಿಗುತ್ತಿರಲಿಲ್ಲ. ಕೊನೆಗೆ ಲಂಬ ಬಾಲವನ್ನೇ ಹಿಂದಕ್ಕೆ ಸರಿಸಿ, ಅದರ ಚುಕ್ಕಾಣಿ (ರಡ್ಡರ್) ದೊಡ್ಡದು ಮಾಡಿ, 2019ರಲ್ಲಿ ಮತ್ತೆ ಹಾರಿಸಿದರು. ಎಡಕ್ಕೂ ಬಲಕ್ಕೂ ಆರಾರು ಸುತ್ತು ಸ್ಪಿನ್ ಮಾಡಿ ಹೊರಬಂದು ತೋರಿಸುವ ಹೊತ್ತಿಗೆ 2022. 2025ರಲ್ಲಿ ‘ಯಶಸ್’ ಎಂದು ಹೊಸ ಹೆಸರು ಸಿಕ್ಕಾಗಲೂ ಅದು ವಾಯುಪಡೆಯ ತರಬೇತಿಗೆ ಸೇರಿರಲಿಲ್ಲ.

ಬಾಲ ಸರಿಸುವುದು ‘ಸಣ್ಣಪುಟ್ಟದ್ದು’ ಅಲ್ಲ. ಕಟ್ಟಿ ನಿಲ್ಲಿಸಿದ ಪ್ರತಿ ವಿಮಾನವನ್ನೂ ಬಿಚ್ಚಬೇಕು, ಜೋಡಣೆಯ ಅಚ್ಚು ಬದಲಿಸಬೇಕು, ಮತ್ತೆ ಹಾರಿಸಿ ನೋಡಬೇಕು. ಹೊಸ ನಮೂನೆಯ ಬ್ಯಾರನ್‌ನಲ್ಲಿ ಒಂದು ಸಲವೂ ಹೊಗೆಸೊಪ್ಪು ಹದ ಮಾಡಿ ನೋಡದೆ ಪಿರಿಯಾಪಟ್ಟಣದ ಯಾವ ರೈತ ಅಂಥದ್ದೇ ಹತ್ತು ಕಟ್ಟಿಸುತ್ತಾನೆ?

ಅಮೆರಿಕವೂ ಇದರಲ್ಲಿ ಕೈ ಸುಟ್ಟುಕೊಂಡಿದೆ. ಅದರ ಎಫ್-35 ಯುದ್ಧವಿಮಾನ ಮೊದಲು ಹಾರಿದ್ದು 2006ರಲ್ಲಿ. ಮರುವರ್ಷವೇ ಉತ್ಪಾದನೆಗೆ ಗುತ್ತಿಗೆ. ಅದು ಖರೀದಿಯ ದುರಾಚಾರ ಎಂದು 2012ರಲ್ಲಿ ಅವರದೇ ರಕ್ಷಣಾ ಇಲಾಖೆಯ ಖರೀದಿ ಮುಖ್ಯಸ್ಥ ಫ್ರಾಂಕ್ ಕೆಂಡಾಲ್ ಬಹಿರಂಗವಾಗಿ ಹೇಳಿದರು. ಪೂರ್ಣ ಪ್ರಮಾಣದ ಉತ್ಪಾದನೆಗೆ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ.

‘ಕಂಪ್ಯೂಟರ್‌ನಲ್ಲೇ ಎಲ್ಲ ಗೊತ್ತಾಗುತ್ತೆ’ ಎನ್ನುವುದೂ ಸುಳ್ಳು: 2009ರಲ್ಲಿ ಬಿಡದಿ ಬಳಿ ಸರಸ್ ವಿಮಾನ ಬಿದ್ದು ವಾಯುಪಡೆಯ ಮೂವರು ಸತ್ತದ್ದು, ಆಕಾಶದಲ್ಲಿ ಆರಿಸಿದ ಎಂಜಿನ್ ಮತ್ತೆ ಹೊತ್ತಿಸುವ ಪರೀಕ್ಷೆಯಲ್ಲಿ. ‘ತೇಜಸ್‌ಗೆ ಪರೀಕ್ಷೆ ಅತಿಯಾಯಿತು’ ಎನ್ನುವವರು ತಿಳಿಯಲಿ: 2001ರಲ್ಲಿ ಮೊದಲು ಹಾರಿದ ಅದು ಮೊದಲ ಸಲ ಬಿದ್ದದ್ದು 2024ರ ಮಾರ್ಚ್‌ನಲ್ಲಿ, ಜೈಸಲ್ಮೇರ್ ಬಳಿ.

ಪರೀಕ್ಷೆಯ ಜೊತೆಗೇ ನಾಲ್ಕಾರು ವಿಮಾನ ಕಟ್ಟುವುದು ತಪ್ಪಲ್ಲ, ಕಾರ್ಖಾನೆಗೂ ಕೈ ಪಳಗಬೇಕು. ಫಲಿತಾಂಶ ಬರುವ ಮೊದಲೇ ಡಜನ್‌ಗಟ್ಟಲೆ ಒಪ್ಪಿಕೊಳ್ಳುವುದು ತಪ್ಪು. ಆದರೆ ನಾವು ವಾಟ್ಸ್‌ಆ್ಯಪ್‌ನಲ್ಲಿ ಬಂದ ಹಾರಾಟದ ವಿಡಿಯೊ ನಂಬುತ್ತೇವೆ, ಘೋಷಣೆಯನ್ನೇ ಸಾಧನೆ ಅಂದುಕೊಳ್ಳುತ್ತೇವೆ, ಪ್ರಶ್ನೆ ಕೇಳಿದವನನ್ನು ದೇಶದ್ರೋಹಿ ಅನ್ನುತ್ತೇವೆ. ಪೈಲಟ್ ಸೀಟಿನಲ್ಲಿ ನಾಳೆ ಎಚ್.ಡಿ. ಕೋಟೆಯ ಹುಡುಗನೂ ಕೂರಬಹುದು. ಮುಂದಿನ ಸಲ ‘ಯಾವಾಗ ಕೊಡ್ತಾರೆ’ ಎಂದು ಕೇಳುವ ಮೊದಲು ‘ಯಾವ ಪರೀಕ್ಷೆ ಮುಗಿದಿದೆ’ ಎಂದು ಕೇಳಿ.