ತಡವಾಗಿದ್ದೇಕೆ, ಕಾರಣ ಕೊಡಿ

ಬ್ರಿಟನ್ನಿನಲ್ಲಿ ಕೆಲಸ ಹೋದವನು ನಿರುದ್ಯೋಗ ಭತ್ಯೆಗೆ ತಕ್ಕ ಕಾರಣವಿಲ್ಲದೆ ತಡವಾಗಿ ಅರ್ಜಿ ಹಾಕಿದರೆ ಹಿಂದಿನ ದಿನಗಳ ದುಡ್ಡಿನ ಆಸೆ ಬಿಡಬೇಕು. ಈ ಭತ್ಯೆಯೇನು ಸರ್ಕಾರ ಹಾಕುವ ಭಿಕ್ಷೆಯಲ್ಲ. 1911ರ ರಾಷ್ಟ್ರೀಯ ವಿಮಾ ಕಾಯ್ದೆಯಡಿ ಕಟ್ಟಡ, ಹಡಗು ನಿರ್ಮಾಣದ ಕೆಲಸಗಾರರ ಕೂಲಿಯಿಂದ ವಾರಕ್ಕೆ ಎರಡೂವರೆ ಪೆನ್ನಿ ಮುರಿದುಕೊಂಡೇ ಈ ವ್ಯವಸ್ಥೆ ಶುರುವಾದದ್ದು. ಆದರೂ ಕೇಳುವುದು ತಡವಾದರೆ ಕಾರಣ ಹೇಳಬೇಕು, ಆ ಕಾರಣ ಅಧಿಕಾರಿಗೆ ಒಪ್ಪಿಗೆಯಾಗಬೇಕು.

ಯಾವುದು ತಕ್ಕ ಕಾರಣ? ಕಾಯ್ದೆ ಅದನ್ನು ಬಿಡಿಸಿ ಹೇಳಿರಲಿಲ್ಲ. 1949ರಲ್ಲಿ ಮೇಲ್ಮನವಿ ಕೇಳುತ್ತಿದ್ದ ವಿಮಾ ಕಮಿಷನರ್ ಒಂದು ಅಳತೆಗೋಲು ಕೊಟ್ಟರು. ಅರ್ಜಿದಾರನ ಆರೋಗ್ಯ ಹೇಗಿತ್ತು, ಅವನ ಕಿವಿಗೆ ಯಾವ ಮಾಹಿತಿ ಬಿದ್ದಿತ್ತು, ವಿಚಾರಿಸಿದ್ದರೆ ಏನು ತಿಳಿಯುತ್ತಿತ್ತು, ಎಲ್ಲವನ್ನೂ ನೋಡಿ. ಅಷ್ಟೇ ವಯಸ್ಸಿನ, ಅಷ್ಟೇ ಅನುಭವದ ವಿವೇಕಿಯೊಬ್ಬ ಅಲ್ಲಿದ್ದರೆ ಅವನೂ ಹೀಗೇ ಸುಮ್ಮನಿರುತ್ತಿದ್ದನೇ ಎಂದು ಕೇಳಿಕೊಳ್ಳಿ. 'ನನಗೆ ಗೊತ್ತಿರಲಿಲ್ಲ' ಎಂದಷ್ಟೇ ಹೇಳಿದರೆ ನಡೆಯುತ್ತಿರಲಿಲ್ಲ. ಆದರೆ ಹದಿನೆಂಟರ ಹುಡುಗನನ್ನೂ ಐವತ್ತೆಂಟರ ಗುಮಾಸ್ತನನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿರಲಿಲ್ಲ. ಒಪ್ಪಿಗೆಯಾದರೆ ಹನ್ನೆರಡು ತಿಂಗಳವರೆಗಿನ ಬಾಕಿ ಸಿಗಬಹುದಿತ್ತು.

ನಮ್ಮ ಸುಪ್ರೀಂ ಕೋರ್ಟ್ 1987ರಲ್ಲಿ, ಭೂಸ್ವಾಧೀನದ ಮೇಲ್ಮನವಿಯೊಂದರಲ್ಲಿ, ವಿಳಂಬ ಮನ್ನಾ ಮಾಡುವಾಗ ತೋರಿದ ಧಾರಾಳವೂ ಇದೇ ಜಾತಿಯದು: ತಡವಾದ ಪ್ರತಿ ದಿನಕ್ಕೂ ಲೆಕ್ಕ ಕೊಡಬೇಕೆಂದರೆ ಪ್ರತಿ ಗಂಟೆಗೆ, ಪ್ರತಿ ಕ್ಷಣಕ್ಕೆ ಯಾಕೆ ಬೇಡ ಎಂದು ಅದು ಕೇಳಿತ್ತು.

ಬ್ರಿಟನ್ 1997ರ ಏಪ್ರಿಲ್‌ನಲ್ಲಿ ಆ ಅಳತೆಗೋಲನ್ನು ಬದಿಗಿಟ್ಟು ಪಟ್ಟಿಯೊಂದನ್ನು ಹಿಡಿಯಿತು. ಭಾಷೆ ಬಾರದಿರುವುದು, ಕಾಯಿಲೆಯವರ ಆರೈಕೆ, ಕೆಟ್ಟ ಹವಾಮಾನ, 'ನಿಮಗೆ ಸಿಗಲ್ಲ' ಎಂದು ಇಲಾಖೆಯ ಸಿಬ್ಬಂದಿಯೇ ದಾರಿ ತಪ್ಪಿಸಿದ್ದು: ಇವುಗಳಿಗೆ ಮೂರು ತಿಂಗಳವರೆಗೆ ಬಾಕಿ. ಸಂಗಾತಿಯೋ ಒಡಹುಟ್ಟಿದವರೋ ತೀರಿಕೊಂಡಿದ್ದರೆ ಒಂದೇ ತಿಂಗಳು. ಮಳೆಗಾಳಿಗೆ ಸಾವಿಗಿಂತ ಹೆಚ್ಚು ರಿಯಾಯಿತಿ! ಅಧಿಕಾರಿಗೆ ಕೆಲಸ ಹಗುರಾಯಿತು, ನಿಜ. ತೂಗಿ ನೋಡುವ ತಲೆನೋವು ತಪ್ಪಿತು. ಆದರೆ ಮರ್ಯಾದಸ್ಥರು ತಡ ಮಾಡುವುದು ಹೆಚ್ಚಾಗಿ ಯಾಕೆ? ಮುಂದಿನ ವಾರ ಕೆಲಸ ಸಿಕ್ಕೀತು, ಅಷ್ಟಕ್ಕೆ ಸರದಿಯಲ್ಲಿ ನಿಂತು ಯಾಕೆ ಕೈಯೊಡ್ಡಲಿ ಎಂಬ ಸಂಕೋಚದಿಂದ. ಪಟ್ಟಿ ಮಾಡಿದವರಿಗೆ ಅದು ಹೊಳೆದಂತಿಲ್ಲ.

2013ರಲ್ಲಿ ಬಂದ ಯೂನಿವರ್ಸಲ್ ಕ್ರೆಡಿಟ್ ಎಂಬ ಹೊಸ ಭತ್ಯೆ ಇನ್ನೂ ಜಿಪುಣ. ಬಾಕಿ ಹೆಚ್ಚೆಂದರೆ ಒಂದು ತಿಂಗಳದ್ದು, ಪಟ್ಟಿಯೂ ಮೊಟಕು. ಮನೆಯ ಸಾವು ಅದರಿಂದ ಬಿಟ್ಟುಹೋಗಿದೆ. ಅರ್ಜಿ ಆನ್‌ಲೈನ್ ಆದ್ದರಿಂದ ಸರ್ಕಾರದ ಕಂಪ್ಯೂಟರ್ ಕೈಕೊಟ್ಟರೆ ಅದು ತಕ್ಕ ಕಾರಣ. ಅರ್ಜಿದಾರನ ಮನೆಯಲ್ಲಿ ಇಂಟರ್‌ನೆಟ್ಟೇ ಇಲ್ಲದಿದ್ದರೆ ಅದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ.