ಶೋಕಕ್ಕೆ ಕಿವಿಗೊಡುವ ಶಾಸ್ತ್ರ

2024ನೆಯ ಇಸವಿ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳ ಮೇಲೆ ಗುಡ್ಡ ಕುಸಿದಾಗ ಅಸುನೀಗಿದವರಲ್ಲಿ ಮಲಯಾಳಿಗಳಿದ್ದರು, ಚಹಾತೋಟಗಳಿಗೆ ದುಡಿಯಲು ಬಂದ ತಮಿಳರ ಸಂತತಿಯವರಿದ್ದರು, ನಮ್ಮ ಮಂಡ್ಯ, ಚಾಮರಾಜನಗರ ಸೀಮೆಗಳ ಮೂಲದವರೂ ಇದ್ದರು. ಗುರುತು ಹತ್ತದ ಕಳೇಬರಗಳನ್ನು ಪುತ್ತುಮಲದಲ್ಲಿ ಸರ್ವಧರ್ಮ ಪ್ರಾರ್ಥನೆಯೊಡನೆ ಹೂಳಿ, ಗೋರಿಗಳ ಮೇಲೆ ಹೆಸರಿಗೆ ಬದಲಾಗಿ ಸಂಖ್ಯೆಗಳನ್ನು ಬರೆದರು. ಚಿತೆಗೆ ಅಗ್ನಿಸ್ಪರ್ಶ ಮಾಡುವುದೇ ತನ್ನ ಋಣವೆಂದು ನಂಬಿದ ಮಗನಿಗೂ, ಮಯ್ಯತ್ತಿಗೆ ಸ್ನಾನ ಮಾಡಿಸಿ ಕಫನ್ ಹೊದಿಸಬೇಕಾಗಿದ್ದ ಸೋದರನಿಗೂ ಆ ಸಂಖ್ಯೆಯ ಎದುರು ಉಂಟಾಗುವ ವೇದನೆ ಏಕರೂಪದ್ದಲ್ಲವಾದುದರಿಂದ, ಇಬ್ಬರಿಗೂ ಒಂದೇ ಸಾಂತ್ವನವಾಕ್ಯವನ್ನು ಒಪ್ಪಿಸುವ ಆಪ್ತಸಮಾಲೋಚಕನು ಇಬ್ಬರನ್ನೂ ತಲಪಲಾರನು.

ಇದು ಕೇವಲ ಸೌಜನ್ಯದ ಮಾತಲ್ಲ, ಪರೀಕ್ಷಿತವಾದ ವಿಜ್ಞಾನ. 1980ರಲ್ಲಿ ಚೀನದ ಹುನಾನ್ ಪ್ರಾಂತದಲ್ಲಿ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ‘ನರದೌರ್ಬಲ್ಯ’ವೆಂದು ಗುರುತಿಸಲ್ಪಟ್ಟಿದ್ದ 100 ಮಂದಿ ರೋಗಿಗಳನ್ನು ಪರೀಕ್ಷಿಸಿದಾಗ, ಅವರಲ್ಲಿ 87 ಮಂದಿ ಖಿನ್ನತೆಯ ಲಕ್ಷಣಗಳನ್ನು ಹೊಂದಿದ್ದರು, ಆದರೆ ಅವರು ಹೇಳಿಕೊಂಡದ್ದು ಮುಖ್ಯವಾಗಿ ತಲೆನೋವು, ನಿದ್ರಾಹೀನತೆ, ಆಯಾಸಗಳನ್ನು. ದುಃಖವು ದೇಹದ ಮೂಲಕ ನುಡಿಯುವ ಸಮಾಜದಲ್ಲಿ ‘ಮನಸ್ಸಿಗೆ ಬೇಸರವೇ?’ ಎಂಬ ಪ್ರಶ್ನೆಗೆ ‘ಇಲ್ಲ’ವೆಂಬ ಉತ್ತರ ಬಂದರೆ ಅದನ್ನು ನಂಬಿ ಕಡತ ಮುಚ್ಚುವುದು ಅಪಾಯಕರ. ಅಮೆರಿಕದ ಮನೋವೈದ್ಯ ಸಂಘವು 2013ರಲ್ಲಿ 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವೊಂದನ್ನು ಪ್ರಕಟಿಸಿತು. ನಿಮ್ಮ ಕಷ್ಟಕ್ಕೆ ಕಾರಣವೇನೆಂದು ನಿಮಗೆ ತೋರುತ್ತದೆ? ನಿಮ್ಮವರು ಏನೆನ್ನುತ್ತಾರೆ? ಇದುವರೆಗೆ ಯಾರ ನೆರವನ್ನು ಪಡೆದಿರಿ? ಎಂಬಂಥವು ಅದರ ಜೀವಾಳ.

2011ರ ಜನಗಣತಿಯಂತೆ ವಯನಾಡಿನ ಜನರಲ್ಲಿ ಶೇಕಡ 18.5ರಷ್ಟು ಮಂದಿ ಪಣಿಯ, ಕುರಿಚ್ಯ, ಅಡಿಯ, ಕಾಟುನಾಯಕ ಮುಂತಾದ ಆದಿವಾಸಿಗಳು. ನೂಲ್‌ಪುಳ ಕಡೆಯ ಹಾಡಿಯಿಂದ ಕಾಟುನಾಯಕ ಮುದುಕಿಯೊಬ್ಬಳು ಎದೆಯುರಿ, ಕೈಕಾಲು ಸೆಳೆತವೆಂದು ಆಸ್ಪತ್ರೆಗೆ ಬಂದು, ಹಿರಿಯರ ದೈವಗಳು ಮುನಿದಿವೆಯೆಂದಳೆಂದು ಭಾವಿಸೋಣ. ಅದನ್ನು ಮೌಢ್ಯವೆಂದು ತಳ್ಳಿದೊಡನೆ ಅವಳು ಮೌನಿಯಾಗುವಳು. ಯಾರು ತೀರಿಕೊಂಡರು, ಯಾವ ಕಾರ್ಯ ಉಳಿಯಿತು ಎಂದು ಕೇಳಿದರೆ ಮಗನ ಮರಣ ಬಾಯಿಗೆ ಬಂದೀತು. ಹಾಗೆಂದು ವೈದ್ಯವನ್ನು ದೈವಕ್ಕೆ ಒಪ್ಪಿಸಿ ಕೈಕಟ್ಟಿ ಕೂಡಬೇಕಿಲ್ಲ: ಆತ್ಮಹತ್ಯೆಯ ಸುಳಿವು ಕಂಡಲ್ಲಿ ಮನೋವೈದ್ಯನ ನೆರವು ತಡವಾಗಕೂಡದು, ಎದೆಯುರಿಗೆ ಹೃದಯಪರೀಕ್ಷೆಯೂ ಆಗಲೇಬೇಕು.

ಕಾಟುನಾಯಕರ ನುಡಿ ನಮ್ಮ ಜೇನುಕುರುಬರ ನುಡಿಗೆ ಬಂಧು, ಕನ್ನಡಕ್ಕೆ ಸಮೀಪ. ಮೈಸೂರು, ಮಡಿಕೇರಿಗಳಲ್ಲಿ ಮನಶ್ಶಾಸ್ತ್ರವನ್ನು ಅಭ್ಯಸಿಸುತ್ತಿರುವ ತರುಣತರುಣಿಯರು ಗಡಿಯಾಚೆಯ ಆ ಹಾಡಿಗಳಿಗೆ ಹೋಗಿ, ಹಿರಿಯರ ಅನುಮತಿ ಪಡೆದು, ಕೆಲವು ಕಾಲ ಸುಮ್ಮನೆ ಕೇಳುತ್ತ ಕುಳಿತುಕೊಳ್ಳಲಿ. ಅವರ ಅಧ್ಯಾಪಕರು ಅದನ್ನು ವ್ಯಾಸಂಗದ ಭಾಗವೆಂದೇ ಪರಿಗಣಿಸಲಿ.