ದನಗಳ ಮೈಮೇಲೆ ಏಳುವ ಗಂಟು, ಗುಳ್ಳೆ, ಕಜ್ಜಿಗಳನ್ನು ಗುರುತಿಸುವ ಕ್ರಮ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಮಾರ್ಗಶಿರ ಶುದ್ಧ ಷಷ್ಠಿಯಂದು ಸುಬ್ರಹ್ಮಣ್ಯಸ್ವಾಮಿಯ ತೇರು ನಡೆಯುವುದು. ಆ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಹಲ್ಲು, ಕೊಂಬು, ಸುಳಿಗಳನ್ನು ಬಹು ಜಾಗ್ರತೆಯಿಂದ ಪರೀಕ್ಷಿಸುವರು; ಚರ್ಮದ ಮೇಲೆ ಕೈಯಾಡಿಸಿ ನೋಡುವವರು ವಿರಳ. ಸುಳಿಯ ದೋಷದಿಂದ ಕೊಟ್ಟಿಗೆ ಬರಿದಾದುದನ್ನು ನಾವರಿಯೆವು. ಚರ್ಮದ ರೋಗದಿಂದ ಆದುದುಂಟು.

ಈಗ ಮುಖ್ಯವಾಗಿ ಅರಿಯತಕ್ಕದ್ದು ಚರ್ಮಗಂಟು ರೋಗ. ಇದು 1929ರಲ್ಲಿ ಆಫ್ರಿಕಾ ಖಂಡದ ಜಾಂಬಿಯಾ ಸೀಮೆಯಲ್ಲಿ ಮೊದಲು ಕಂಡುಬಂದು, 2019ರಲ್ಲಿ ಒಡಿಶಾ ಪ್ರಾಂತ್ಯದ ಮೂಲಕ ನಮ್ಮ ದೇಶದಲ್ಲಿ ತಲೆದೋರಿತು. 2022ರಲ್ಲಿ ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಹಬ್ಬಿದಾಗ ದನದ ಸಂತೆ, ಜಾತ್ರೆ, ಸಾಗಾಣಿಕೆಗಳನ್ನೇ ನಿರ್ಬಂಧಿಸಬೇಕಾಯಿತು. ಮೊದಲು ಜ್ವರ ಬಂದು ಕಣ್ಣುಮೂಗುಗಳಲ್ಲಿ ನೀರು ಸುರಿಯುವುದು. ಬಳಿಕ ಕುತ್ತಿಗೆ, ಬೆನ್ನು, ಕಾಲು, ಕೆಚ್ಚಲುಗಳಲ್ಲಿ ಎರಡರಿಂದ ಐದು ಸೆಂಟಿಮೀಟರ್ ಅಗಲದ ದುಂಡನೆಯ ಗಂಟುಗಳೇಳುವುವು. ಒತ್ತಿ ನೋಡಿದರೆ ಗಟ್ಟಿಯಾಗಿದ್ದು, ಚರ್ಮದ ಪೂರ್ತಿ ದಪ್ಪವನ್ನು ಹಿಡಿದಿರುವುವು. ಕೆಲವು ದಿನಗಳಲ್ಲಿ ಗಂಟಿನ ನಡುವಣ ಚರ್ಮ ಸತ್ತು, ಬಿಲ್ಲೆಯಂತೆ ಕಳಚಿ, ಕುಳಿ ಬೀಳುವುದು. ನೊಣ ಕುಳಿತರೆ ಅದರಲ್ಲಿ ಹುಳುವಾಗುವುದು. ಹಾಲು ಇಳಿಯುವುದು, ಗಬ್ಬದ ಹಸು ಕಂದು ಹಾಕುವುದೂ ಉಂಟು.

ಇತರ ಗುರುತುಗಳನ್ನು ಇದರೊಡನೆ ಬೆರೆಸಬಾರದು. ಕಾಲುಬಾಯಿ ಜ್ವರದಲ್ಲಿ ನೀರು ತುಂಬಿದ ಗುಳ್ಳೆಗಳು ನಾಲಗೆಯಲ್ಲಿಯೂ ಗೊರಸಿನ ಸಂದಿಯಲ್ಲಿಯೂ ಏಳುವುವಲ್ಲದೆ ಮೈಯೆಲ್ಲ ಗಂಟಾಗುವುದಿಲ್ಲ. ಕರುಗಳ ಕಣ್ಣಿನ ಸುತ್ತ ಕೂದಲುದುರಿ ಬೂದುಬಣ್ಣದ ದುಂಡು ಹಕ್ಕಳೆ ಕಟ್ಟಿದರೆ ಅದು ಬೂಷ್ಟಿನಿಂದ ಬಂದ ಹುಳುಕಡ್ಡಿ. ಮನುಷ್ಯರಿಗೂ ಅಂಟುವುದಾದುದರಿಂದ ಮುಟ್ಟಿದ ಕೈ ತೊಳೆಯತಕ್ಕದ್ದು. ಕಜ್ಜಿಯಲ್ಲಿ ತುರಿಕೆ ಹೆಚ್ಚು, ಚರ್ಮ ಸುಕ್ಕುಗಟ್ಟುವುದು. ನೊಗದ ಹುಣ್ಣು ಹೆಗಲಿನಲ್ಲಿ ಮಾತ್ರ.

ಚರ್ಮಗಂಟು ರೋಗವು ಮನುಷ್ಯರಿಗೆ ಬರುವುದಿಲ್ಲ. ಹಾಲನ್ನು ಕಾಯಿಸಿ ಕುಡಿಯಬಹುದು. ದನದಿಂದ ದನಕ್ಕೆ ಇದನ್ನು ಒಯ್ಯುವುವು ನೊಣ, ಸೊಳ್ಳೆ, ಉಣ್ಣೆಗಳು. ಆದಕಾರಣ ರೋಗದ ರಾಸನ್ನು ಒಡನೆಯೇ ಬೇರೆ ಕಟ್ಟಿ, ಕೊಟ್ಟಿಗೆಯ ಸಗಣಿ ತೆಗೆದು, ಸಾಯಂಕಾಲ ಹೊಗೆ ಹಾಕತಕ್ಕದ್ದು. ಹೊಸದಾಗಿ ಕೊಂಡ ರಾಸನ್ನು ಇಪ್ಪತ್ತೆಂಟು ದಿನ ಮಂದೆಗೆ ಸೇರಿಸಬಾರದು. ಮೇಕೆಯ ಸಿಡುಬಿನ ಲಸಿಕೆಯನ್ನೇ ಈ ರೋಗಕ್ಕೂ ಹಾಕಿಸುತ್ತ ಬಂದಿದೆ. ಅದು ಆರೋಗ್ಯವಾಗಿರುವ ದನಗಳಿಗೆ ಮಾತ್ರ, ಗಂಟೆದ್ದ ಮೇಲೆ ಹಾಕಿಸತಕ್ಕದ್ದಲ್ಲ. ರೋಗವನ್ನು ಮರೆಮಾಡಿ ರಾಸನ್ನು ಸಂತೆಗೆ ಹೊಡೆಯುವವನಿಗೆ ಊರಿನ ಯಜಮಾನರು ಬುದ್ಧಿ ಹೇಳಬೇಕು. ಅವನು ಮಾರುವುದು ಒಂದು ದನ, ಕೆಡಿಸುವುದು ಹತ್ತು ಊರು.

ಪಶುವೈದ್ಯರಿಗೆ ತಿಳಿಸುವಾಗ “ಮೈಗೆ ಏನೋ ಎದ್ದಿದೆ” ಎಂದರೆ ಸಾಲದು. “ನಾಲ್ಕು ವರ್ಷದ ಹಸು, ಬಲಗಡೆಯ ಕುತ್ತಿಗೆಯಲ್ಲಿ ಅಡಕೆಗಾತ್ರದ ಹನ್ನೆರಡು ಗಂಟು, ಗಟ್ಟಿಯಾಗಿವೆ, ಕೀವಿಲ್ಲ, ಎದ್ದು ಮೂರು ದಿನವಾಯಿತು, ಜ್ವರವುಂಟು, ಮೇವು ಬಿಟ್ಟಿದೆ, ಪಕ್ಕದ ಕೊಟ್ಟಿಗೆಯಲ್ಲಿಯೂ ಒಂದಕ್ಕೆ ಬಂದಿದೆ” ಎಂದು ತಿಳಿಸತಕ್ಕದ್ದು. ಪಶುವೈದ್ಯಶಾಲೆ ದೂರವಿದ್ದರೆ 1962ನೆಯ ದೂರವಾಣಿಗೆ ಹೇಳಬಹುದು.